ಕೈ ಇಡಲು ಜಾಗ

ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟುವ ಹೊತ್ತಿಗೆ ನನ್ನ ಬಲಗೈಯ ಕಿರುಬೆರಳು, ಉಂಗುರ ಬೆರಳು ಎರಡೂ ಮರಗಟ್ಟಿದ್ದವು. ಕಾಲುಗಳಿಗೇನೂ ಆಗಿರಲಿಲ್ಲ. ವಾರ ಕಳೆದರೂ ಅಂಗಿಯ ಗುಂಡಿ ಹಾಕಿಕೊಳ್ಳಲು ಪರದಾಡುತ್ತಿದ್ದೆ. ಅಂಗೈ ಬುಡದಲ್ಲಿ ಕಿರುಬೆರಳಿನ ಕಡೆಗೆ ಅಲ್ನಾರ್ ಅನ್ನುವ ನರ ಹಾದುಹೋಗುತ್ತದೆ. ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಗಂಟೆಗಟ್ಟಲೆ ಕೂತರೆ ಅದು ಅದುಮಿಹೋಗುತ್ತದೆ. ಹೀಗೇ ಬಿಟ್ಟರೆ ಹಿಡಿತವೇ ಸಡಿಲವಾದೀತು ಅಂದರು ಡಾಕ್ಟರು. ದಿನವಿಡೀ ಕರಿಹಲಗೆಯ ಮೇಲೆ ಬರೆಯುವ ಕೆಲಸ ನನ್ನದು. ಸೈಕಲ್ ಬಿಡಬೇಕು, ಇಲ್ಲವೇ ಹ್ಯಾಂಡಲ್ ಬದಲಿಸಬೇಕು.

ಸೈಕಲ್ಲಿನ ಜೊತೆ ಬಂದದ್ದು ನೇರ ಹ್ಯಾಂಡಲ್. ಅದರಲ್ಲಿ ಕೈ ಇಡಲು ಒಂದೇ ಜಾಗ. ನೀವು ಸುಮ್ಮನೆ ನಿಂತು ಎರಡೂ ಕೈಗಳನ್ನು ಸಡಿಲವಾಗಿ ಮುಂದೆ ಚಾಚಿ ನೋಡಿ, ಅಂಗೈಗಳು ಹೆಚ್ಚುಕಡಿಮೆ ಒಂದನ್ನೊಂದು ನೋಡುತ್ತಿರುತ್ತವೆ. ನೇರ ಹ್ಯಾಂಡಲ್ ಅವನ್ನು ನೆಲದ ಕಡೆಗೆ ತಿರುಚುತ್ತದೆ. ಮೆತ್ತನೆಯ ಗ್ರಿಪ್, ಜೆಲ್ ಗ್ಲೌಸ್ ಹಾಕಿದರೂ ಆ ತಿರುಚು ಹೋಗುವುದಿಲ್ಲ.

ಹಾಲಿನ ಕ್ಯಾನು ತೂಗುಹಾಕಿಕೊಂಡು ಬರುವವರ ಹಳೇ ಸೈಕಲ್ಲುಗಳಲ್ಲಿ ಈ ತೊಂದರೆ ಇಲ್ಲ. ಇಂಗ್ಲೆಂಡಿನ ರೋಡ್‌ಸ್ಟರ್‌ಗಳಿಂದ ಬಂದ ಆ ಹ್ಯಾಂಡಲ್ ಹಿಂದಕ್ಕೆ ಬಾಗಿ ತಾನಾಗಿ ಕೈಗೆ ಸಿಗುತ್ತದೆ. ನನ್ನ ಪ್ರಕಾರ ಮಣಿಕಟ್ಟಿಗೆ ಅಷ್ಟು ಮರ್ಯಾದೆ ಕೊಟ್ಟ ಹ್ಯಾಂಡಲ್ ಇನ್ನೊಂದಿಲ್ಲ. ಆದರೆ ನೆಟ್ಟಗೆ ಕೂತು ಎದುರುಗಾಳಿಯಲ್ಲಿ ನೂರು ಕಿಲೋಮೀಟರ್ ತುಳಿಯುವುದು ನನ್ನಿಂದಾಗದು.

ಟಗರಿನ ಕೊಂಬಿನಂಥ ಡ್ರಾಪ್ ಹ್ಯಾಂಡಲ್‌ನಲ್ಲಿ ಕೈಗೆ ಮೂರು ಜಾಗ ಉಂಟು: ಮೇಲೆ, ಬ್ರೇಕಿನ ತಲೆಯ ಮೇಲೆ, ಕೆಳಗೆ. ಅಡ್ಡಿಯಾದದ್ದು ಸುಮಾರು ಒಂದೂವರೆ ಮಿಲಿಮೀಟರ್. ನೇರ ಹ್ಯಾಂಡಲಿನ ಬ್ರೇಕುಗಳು ಕೂರುವುದು 22.2 ಮಿ.ಮೀ. ಕೊಳವೆಗೆ, ಡ್ರಾಪ್ ಕೊಳವೆ 23.8. ಬ್ರೇಕು, ಗೇರು ಎಲ್ಲ ಹೊಸದಾಗಬೇಕು. ಮೇಷ್ಟ್ರ ಸಂಬಳ.

ಕೊನೆಗೆ ಹಾಕಿಸಿದ್ದು ಯುರೋಪಿನ ಪ್ರವಾಸಿಗರು ಬಳಸುವ ಬಟರ್‌ಫ್ಲೈ ಹ್ಯಾಂಡಲ್. ಚಿಟ್ಟೆಯ ರೆಕ್ಕೆಯಂತೆ ಸುತ್ತಿ ಬರುತ್ತದೆ, ಹಳೆಯ ಬ್ರೇಕು ಗೇರುಗಳೇ ಕೂರುತ್ತವೆ. ಏರಿನಲ್ಲಿ ಅಕ್ಕಪಕ್ಕ ಹಿಡಿಯುತ್ತೇನೆ, ಗಾಳಿ ಎದುರಾದರೆ ಮುಂದಿನ ಅಂಚಿಗೆ ಬಾಗುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ಕೈ ಜಾಗ ಬದಲಿಸುತ್ತಿದ್ದರೆ ನರಕ್ಕೆ ಉಸಿರಾಡಲು ಬಿಡುವು. ತೂಕ ಜಾಸ್ತಿ, ಅಂದವೂ ಇಲ್ಲ. ಇಳಿಜಾರಿನಲ್ಲಿ ಮಾತ್ರ ಕೈಗಳನ್ನು ಬ್ರೇಕಿನ ಹತ್ತಿರ ತಂದಿಟ್ಟುಕೊಳ್ಳಬೇಕು, ಮುಂದಿನ ಅಂಚಿನಿಂದ ಅವು ಎಟುಕುವುದಿಲ್ಲ.

ಜೋಡಿಸಿಕೊಟ್ಟ ಮೆಕ್ಯಾನಿಕ್ ಸೀಟಿನ ಮೂತಿಯನ್ನೂ ಎತ್ತಿ ಮಟ್ಟ ಮಾಡಿದ. "ಮೂತಿ ಕೆಳಗಿದ್ರೆ ಮೈಯೆಲ್ಲಾ ಜಾರಿ ಕೈ ಮೇಲೇ ಬರುತ್ತೆ ಸಾರ್." ಆಮೇಲೆ ದೂರ ನಿಂತು ನೋಡಿ ನಕ್ಕ. "ಇದಕ್ಕೊಂದು ಗಂಟೆ ಕಟ್ಟಿಸ್ಕೊಳ್ಳಿ, ಥೇಟ್ ನಮ್ಮೂರ ಎತ್ತು."