ಹೆಬ್ಬಾಳದ ಬಾಡಿಗೆ ಮನೆ

೨೦೨೪ರ ಜೂನ್ ತಿಂಗಳಲ್ಲಿ ಮೈಸೂರಿನ ಕಾಲೇಜೊಂದಕ್ಕೆ ಕನ್ನಡ ಅಧ್ಯಾಪಕನಾಗಿ ಹೋಗಬೇಕೆಂಬ ಆಜ್ಞೆ ಕೈಸೇರಿದಾಗ, ನಾನು ಸಂಬಳಕ್ಕಿಂತ ಮೊದಲು ಯೋಚಿಸಿದುದು ವಿಳಾಸವನ್ನು. ಕನ್ನಡ ಎಂ.ಎ. ಮಾಡಿದವನ ದೌರ್ಬಲ್ಯವಿದು, ಓದುಗರು ಕ್ಷಮಿಸಬೇಕು. ಒಂಟಿಕೊಪ್ಪಲೆಂದೊಡನೆ ಕುವೆಂಪು ಅವರ ‘ಉದಯರವಿ’ ಕಣ್ಣೆದುರು ನಿಲ್ಲುತ್ತದೆ. ಯಾದವಗಿರಿಯೆಂದೊಡನೆ ಆರ್. ಕೆ. ನಾರಾಯಣರ ಮನೆ; ಸರಸ್ವತಿಪುರವೆಂದೊಡನೆ ಮಾನಸಗಂಗೋತ್ರಿಯ ಮರಗಳ ನೆರಳು. ಇವುಗಳಲ್ಲೊಂದರ ಹೆಸರು ನನ್ನ ಕಾಗದಗಳ ತಲೆಯ ಮೇಲೆ ಅಚ್ಚಾಗಬೇಕೆಂದು ಮನಸ್ಸು ಹಂಬಲಿಸಿತು.

ಆದರೆ ಹಂಬಲಕ್ಕೆ ಬಾಡಿಗೆ ಕೊಡುವವರಾರು? ಅರಸೀಕೆರೆಯ ಮಗ್ಗುಲಿನ ನಮ್ಮ ಹಳ್ಳಿಯಿಂದ ಹೊರಡಬೇಕಾಗಿದ್ದವರು ಐವರು: ನಾನು, ನನ್ನಾಕೆ, ಇಬ್ಬರು ಮಕ್ಕಳು, ಹಿಂದಿನ ವರ್ಷವಷ್ಟೇ ತಂದೆಯವರನ್ನು ಕಳೆದುಕೊಂಡಿದ್ದ ನಮ್ಮ ತಾಯಿ. ಎಷ್ಟು ಕೂಡಿ ಕಳೆದರೂ ಬಾಡಿಗೆಗೆಂದು ತಿಂಗಳಿಗೆ ೧೨,೦೦೦ ರೂಪಾಯಿಗಿಂತ ಹೆಚ್ಚು ತೆಗೆದಿಡಲು ಸಾಧ್ಯವಿರಲಿಲ್ಲ. ಸರಸ್ವತಿಪುರದಲ್ಲಿ ನಾನು ಮೆಚ್ಚಿದ ಮನೆಗೆ ೧೬,೦೦೦. ಅದೂ ಮಹಡಿಯ ಮೇಲೆ, ಒಂದೇ ಮಲಗುವ ಕೋಣೆ. “ಅಮ್ಮ ನಡುಮನೆಯಲ್ಲಿ ಮಲಗಿದರಾಯಿತು, ನಾಲ್ಕು ಸಾವಿರವನ್ನು ಹೇಗೋ ಹೊಂದಿಸೋಣ” ಎಂದೆ. ನನ್ನಾಕೆ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, “ಆ ಮೆಟ್ಟಿಲುಗಳನ್ನು ಎಣಿಸಿದಿರೇನ್ರೀ?” ಎಂದು ಮಾತ್ರ ಕೇಳಿದಳು. ತಾಯಿಯವರ ಮೊಣಕಾಲಿನ ನೋವು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ನಾವು ನಗರದ ವಾಯವ್ಯಕ್ಕೆ, ಹೆಬ್ಬಾಳದ ಕಡೆಗೆ ಮುಖ ತಿರುಗಿಸಿದೆವು.

ಹೆಬ್ಬಾಳವೆಂದ ಕೂಡಲೇ ಬೆಂಗಳೂರಿನ ಹೆಬ್ಬಾಳವೆಂದು ತಿಳಿಯುವವರೇ ಬಹಳ. ಆ ಊರಿನ ವೀರಗಲ್ಲೊಂದು, ಗಂಗರ ಶ್ರೀಪುರುಷನ ಕಾಲದ್ದು, ‘ಪೆರ್ಬೊಳಲ್ ನಾಡ’ನ್ನು ಹೆಸರಿಸುತ್ತದೆ. ‘ಪಿರಿಯ ಪೊಳಲ್’, ಅಂದರೆ ದೊಡ್ಡ ಊರು. ಪಕಾರವು ಹಕಾರವಾಗುವ ನಿಯಮವನ್ನು ಪ್ರತಿವರ್ಷವೂ ತರಗತಿಯಲ್ಲಿ ಬೋಧಿಸುವ ನನಗೆ ನಮ್ಮ ಹೆಬ್ಬಾಳಕ್ಕೂ ಈ ಕಿರೀಟವನ್ನೇ ತೊಡಿಸುವ ಆಸೆ. ಮನೆಯವರ ಮುಂದೆ ಇದನ್ನು ವಿವರಿಸಿದಾಗ ನನ್ನಾಕೆ, “ಅದಿರಲಿ, ಸಂಪು ಇದೆಯೋ ಇಲ್ಲವೋ ಕೇಳಿ” ಎಂದಳು.

ಮೈಸೂರಿನ ಬಡಾವಣೆಗಳ ಮೂಲದಲ್ಲಿ ಒಂದು ಸಂಕಟವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ಲೇಗಿನ ಮಾರಿ ಇಕ್ಕಟ್ಟಿನ ಕೇರಿಗಳನ್ನು ಹೊಕ್ಕಿತು. ಜನರನ್ನು ಗಾಳಿ ಬೆಳಕಿನ ಬಯಲಿಗೆ ತರಬೇಕಾಯಿತು. ೧೯೦೩ರಲ್ಲಿ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ನೇರವಾದ ಬೀದಿ, ಅಡ್ಡರಸ್ತೆ, ಉದ್ಯಾನಗಳ ಹೊಸ ಮೈಸೂರು ಬೆಳೆಯಿತು. ಆಗ ಊರನ್ನು ಹೊರಕ್ಕೆ ಅಟ್ಟಿದ್ದು ರೋಗ. ಮುಂದೆ ಈ ದಿಕ್ಕಿಗೆ ಎಳೆದದ್ದು ಉದ್ಯೋಗ. ಕೃಷ್ಣರಾಜಸಾಗರದ ರಸ್ತೆಯ ಆಸುಪಾಸಿನಲ್ಲಿ, ಮೇಟಗಳ್ಳಿ, ಹೆಬ್ಬಾಳ, ಬೆಳವಾಡಿಗಳ ಬಯಲಿನಲ್ಲಿ ಕಾರ್ಖಾನೆಗಳೆದ್ದವು. ೧೯೯೬ರಲ್ಲಿ ನೋಟಿನ ಮುದ್ರಣಾಲಯ ಕೆಲಸವಾರಂಭಿಸಿತು. ಆಮೇಲೆ ಮುನ್ನೂರು ಎಕರೆಗೂ ಮಿಕ್ಕಿದ ನೆಲದಲ್ಲಿ ಇನ್ಫೋಸಿಸ್ ಸಂಸ್ಥೆಯ ತರಬೇತಿ ಕೇಂದ್ರ ಹರಡಿಕೊಂಡಿತು. ಪುರಾತನ ರೋಮನ್ನು ನೆನಪಿಸುವ ಕಂಬಸಾಲಿನ ಭವನವನ್ನು ಅಲ್ಲಿ ಕಟ್ಟಿದ್ದಾರೆ. ಈ ವೈಭವದ ನೆರೆಯಲ್ಲಿಯೇ ಸಾಮಾನ್ಯರ ಮೂವತ್ತು–ನಲವತ್ತರ ನಿವೇಶನಗಳು. ಅಧ್ಯಾಪಕನ ಕೈಗೆಟುಕುವ ಮನೆಯೂ ಅಲ್ಲಿಯೇ.

ಮನೆ ನೋಡುವುದರಲ್ಲಿ ನಾನು ಮಾಡಿದ ತಪ್ಪೊಂದನ್ನು ಇಲ್ಲಿ ಹೇಳಿಬಿಡುತ್ತೇನೆ. ಕೈಗಾರಿಕಾ ಪ್ರದೇಶದ ಅಂಚಿನಲ್ಲಿದ್ದ ಒಂದು ಮನೆಯನ್ನು ಭಾನುವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಕಂಡೆ. ಎರಡು ಕೋಣೆ, ತೆಂಗಿನಮರ, ಬಾಡಿಗೆ ೧೦,೦೦೦. ಬೀದಿಯಲ್ಲಿ ಒಂದು ನಾಯಿ ಮಾತ್ರ ಮಲಗಿತ್ತು. “ತಪೋವನದಂತಿದೆ!” ಎಂದು ಉದ್ಗರಿಸಿ, ದಲ್ಲಾಳಿಯ ಕೈಗೆ ೨,೦೦೦ ರೂಪಾಯಿ ಇಟ್ಟೆ. ನನ್ನಾಕೆ ಮಾತ್ರ, ಕೆಲಸದ ದಿನ ಮುಸ್ಸಂಜೆಯಲ್ಲಿ ಇನ್ನೊಮ್ಮೆ ನೋಡದೆ ಒಪ್ಪುವುದಿಲ್ಲವೆಂದು ಹಟ ಹಿಡಿದಳು. ಮಂಗಳವಾರ ಸಂಜೆ ಹೋದೆವು. ಪಾಳಿ ಬಿಡುವ ವೇಳೆ. ತಪೋವನದ ಮುಂದೆ ಲಾರಿಗಳ ಸಾಲು. ಸುಟ್ಟ ಡೀಸೆಲಿನ ಕಮಟು. ಬೈಸಿಕಲ್ಲು, ಸ್ಕೂಟರು, ಬಸ್ಸುಗಳ ನಡುವೆ ಏಳು ವರ್ಷದ ಮಗಳ ಕೈಹಿಡಿದು ರಸ್ತೆ ದಾಟಲು ಹತ್ತು ನಿಮಿಷ ಹಿಡಿಯಿತು. ಆ ಎರಡು ಸಾವಿರ ಮರಳಿ ಬರಲಿಲ್ಲ.

ಕಡೆಗೆ ಒಪ್ಪಿದ್ದು ಎರಡನೆಯ ಹಂತದ ಒಳಗಿನ ಅಡ್ಡರಸ್ತೆಯೊಂದರ ನೆಲಮನೆಯನ್ನು. ಬಾಡಿಗೆ ೧೨,೦೦೦, ಮುಂಗಡ ಒಂದು ಲಕ್ಷ. ಸಂಪಿಗೆ ಕಾವೇರಿಯ ನೀರು ಬರುತ್ತದೆ. ಹಿಂಬದಿಯಲ್ಲಿ ಒಂದು ಚಿಕ್ಕ ಕೋಣೆ, ತಾಯಿಯವರಿಗೆ. ಇದರ ಬೆಲೆಯೆಲ್ಲವೂ ಬಾಡಿಗೆಯ ಚೀಟಿಯಲ್ಲಿ ಬರೆದಿಲ್ಲವೆಂಬುದು ಬಂದ ಮೇಲೆ ತಿಳಿಯಿತು. ಅರಮನೆಯ ಬಳಿಯ ನನ್ನ ಕಾಲೇಜಿಗೆ ಬಸ್ಸು ಹಿಡಿದು ಹೋಗಿಬರುವುದರಲ್ಲಿ ದಿನಕ್ಕೆ ಒಂದೂವರೆ ಗಂಟೆ ಕರಗುತ್ತದೆ. ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನ್ನಾಕೆಗೆ ಇಲ್ಲಿ ಇನ್ನೂ ಕೆಲಸ ಸಿಕ್ಕಿಲ್ಲ. ಅವಳ ಸಂಬಳವನ್ನು ನನ್ನ ಲೆಕ್ಕದ ಪುಸ್ತಕದಲ್ಲಿ ನಾನು ಎಲ್ಲಿಯೂ ಕಳೆದು ಬರೆದಿರಲಿಲ್ಲ. ಅವಳೂ ಅದನ್ನು ಎತ್ತಿ ಆಡಿಲ್ಲ.

ತಾಯಿಯವರು ಬಂದದ್ದು ಒಂದು ಕೈಚೀಲದೊಡನೆ. ಎರಡು ಸೀರೆ, ಎಲೆಯಡಿಕೆಯ ಸಂಚಿ, ಸಂಚಿಯೊಳಗೆ ಹಳ್ಳಿಯ ಮನೆಯ ಬೀಗದ ಕೈ. “ನೋಡೋಣ ಕಣಪ್ಪ, ಹಿಡಿಸಿದರೆ ಇರ್ತೀನಿ” ಎಂದಿದ್ದರು. ಮೊದಲ ತಿಂಗಳು ಜಗಲಿ ಬಿಟ್ಟು ಇಳಿಯಲಿಲ್ಲ. ಒಂದು ಸಂಜೆ ಮೊಮ್ಮಗಳು ಅವರನ್ನು ಹೆಬ್ಬಾಳದ ಕೆರೆಯ ಕಡೆಗೆ ಕರೆದೊಯ್ದಳು. ಕೊಳಚೆಯೂ ಕಾರ್ಖಾನೆಗಳ ಹೊಲಸೂ ಸೇರಿ ಈ ಕೆರೆ ಹಾಳಾಗಿತ್ತು. ೨೦೧೭ರಲ್ಲಿ ಇನ್ಫೋಸಿಸ್ ಪ್ರತಿಷ್ಠಾನ ಇದರ ಪುನರುಜ್ಜೀವನಕ್ಕೆ ಕೈಹಾಕಿತು, ಕೊಳಚೆನೀರನ್ನು ಶುದ್ಧಿಮಾಡುವ ಘಟಕವನ್ನೂ ನಿರ್ಮಿಸಿತು. ತಾಯಿಯವರಿಗೆ ಈ ಚರಿತ್ರೆ ತಿಳಿಯದು. ಬೆಳ್ಳಕ್ಕಿಗಳನ್ನು ಕಂಡು, “ಹಕ್ಕಿ ಕೂತಿದೆ, ನೀರಿಗೆ ಜೀವ ಇದೆ” ಎಂದರಂತೆ. ಅಂದಿನಿಂದ ಸಂಜೆ ಮೊಮ್ಮಗಳೇ ಅವರಿಗೆ ಊರುಗೋಲು.

ಡಿಸೆಂಬರ್ ೩೧ರಂದು ಇನ್ಫೋಸಿಸ್ ಆವರಣದಲ್ಲಿ ಚಿರತೆ ಕಾಣಿಸಿಕೊಂಡು, ಉದ್ಯೋಗಿಗಳಿಗೆ ಮನೆಯಿಂದಲೇ ಕೆಲಸಮಾಡುವಂತೆ ಸೂಚನೆ ಹೋಯಿತು. ಬೀದಿಯೆಲ್ಲ ಕಳವಳಗೊಂಡಿದ್ದಾಗ ನಮ್ಮ ಮನೆಯಲ್ಲಿ ಹರ್ಷಗೊಂಡವರು ತಾಯಿಯವರೊಬ್ಬರೇ. “ನಮ್ಮೂರಲ್ಲಿ ಚಿರತೆ ಬಂದರೆ ನಾಯಿ ಹೋಗ್ತಿತ್ತು, ಇಲ್ಲಿ ಇಂಜಿನಿಯರುಗಳಿಗೆ ರಜಾ ಬಂತೇ!” ಎಂದು ನೆರೆಮನೆಯಾಕೆಯೊಡನೆ ಬೇಲಿಯ ಮೇಲಿಂದ ನಕ್ಕರು. ಆ ನೆರೆಮನೆಯವರು ಚನ್ನರಾಯಪಟ್ಟಣದ ಕಡೆಯವರು. ಇಷ್ಟು ತಿಂಗಳು ನನಗದು ಗೊತ್ತೇ ಇರಲಿಲ್ಲ.

ರಾತ್ರಿ ಗಾಳಿ ಇತ್ತ ಬೀಸಿದಾಗ ಹಾಸನದ ಮಾರ್ಗದ ರೈಲಿನ ಕೂಗು ನಮ್ಮ ಮನೆಗೆ ಕೇಳಿಸುತ್ತದೆ. ಅದೇ ಹಳಿ ಅರಸೀಕೆರೆಗೂ ಹೋಗುತ್ತದೆ. ಮೊದಮೊದಲು ತಾಯಿಯವರು ಎದ್ದು ಕೂತು, “ಅದು ಎಷ್ಟು ಹೊತ್ತಿಗೆ ಊರು ಮುಟ್ಟತ್ತೆ?” ಎಂದು ಕೇಳುತ್ತಿದ್ದರು. ಕಳೆದ ವಾರ ರೈಲು ಕೂಗಿತು; ಆ ಪ್ರಶ್ನೆ ಬರಲಿಲ್ಲ. ಮಲಗಿದ್ದಾರೆಂದುಕೊಂಡೆ. ಕತ್ತಲೆಯಲ್ಲಿ ದನಿ ಬಂತು: “ಊರಿನ ಒರಳುಕಲ್ಲನ್ನು ತರಿಸೋಕೆ ಆಗತ್ತೇನೋ? ಹಿತ್ತಿಲಲ್ಲಿ ಜಾಗ ಇದೆ.”

ಸಾಗಣೆಗೆ ಎಷ್ಟಾಗುವುದೋ ವಿಚಾರಿಸುತ್ತಿದ್ದೇನೆ. ಮನೆಯ ಯಜಮಾನರನ್ನೂ ಒಂದು ಮಾತು ಕೇಳಬೇಕು.