ಲಿಂಕ್ ನನ್ನದು, ಮಾತೂ ನನ್ನದೇ

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ರಜೆಯಲ್ಲಿ ನಾನು ಅಫಿಲಿಯೇಟ್ ಲಿಂಕ್ ಹಂಚಲು ಶುರು ಮಾಡಿದೆ. ನನಗೆ 18 ತುಂಬಿರಲಿಲ್ಲ, ಹಾಗಾಗಿ ಅಣ್ಣನ ಪ್ಯಾನ್ ಕಾರ್ಡ್ ಕೊಟ್ಟು ಅವನ ಹೆಸರಿನಲ್ಲಿ ಖಾತೆ ತೆರೆದೆವು. ಕೆಲಸ ಸುಲಭ. ಆನ್‌ಲೈನ್ ಅಂಗಡಿಯ ಯಾವುದೋ ಸಾಮಾನಿನ ಲಿಂಕ್ ತೆಗೆದುಕೊಂಡರೆ ಅದರ ಕೊನೆಯಲ್ಲಿ ನಮ್ಮ ಗುರುತು ಸೇರಿರುತ್ತದೆ. ಯಾರಾದರೂ ಆ ಲಿಂಕ್ ಒತ್ತಿ ಕೊಂಡರೆ ನಮಗೆ ಕಮಿಷನ್. ಕೊಳ್ಳುವವರಿಗೆ ಬೆಲೆ ಹೆಚ್ಚಾಗುವುದಿಲ್ಲ. ಹಾಗಾದರೆ ಯಾರಿಗೂ ನಷ್ಟವಿಲ್ಲ ಎಂದುಕೊಂಡಿದ್ದೆ.

ಮೊದಲು ಇನ್‌ಸ್ಟಾಗ್ರಾಮ್‌ನಲ್ಲಿ ಪ್ರಯತ್ನಿಸಿದೆ. ಮಹಾಕೂಟದ ಪುಷ್ಕರಿಣಿಯಲ್ಲಿ ಹುಡುಗರು ಜಿಗಿದು ಈಜುವ ರೀಲ್ ಮಾಡಿ, ಕೆಳಗೆ ಮೊಬೈಲ್ ಸ್ಟ್ಯಾಂಡಿನ ಲಿಂಕ್ ಹಾಕಿದೆ. ರೀಲ್ ತುಂಬಾ ಜನ ನೋಡಿದರು. ಆದರೆ ಅಲ್ಲಿ ಬರೆದ ಲಿಂಕ್ ಒತ್ತಿದರೆ ತೆರೆಯುವುದೇ ಇಲ್ಲ ಎಂದು ಆಮೇಲೆ ತಿಳಿಯಿತು. ನಂತರ ವಾಟ್ಸ್ಆ್ಯಪ್‌ಗೆ ಬಂದೆ. ಸಂಬಂಧಿಕರ ಗ್ರೂಪ್, ಓಣಿಯ ಗ್ರೂಪ್, ಕ್ಲಾಸಿನ ನೋಟ್ಸ್ ಗ್ರೂಪ್ ಎಲ್ಲದಕ್ಕೂ ಒಂದೇ ಸಂದೇಶ ಕಳಿಸಿದೆ. ಯಾರೋ ರಿಪೋರ್ಟ್ ಮಾಡಿದರು, ಕೆಲವು ದಿನ ನನ್ನ ಖಾತೆ ಬಂದ್ ಆಯಿತು. ಇನ್ನೊಂದು ಕಡೆ, ನಮ್ಮ ಮನೆಯವರೇ ಕೊಂಡ ಸಾಮಾನಿಗೆ ಕಮಿಷನ್ ಸಿಗುವುದಿಲ್ಲ ಎಂದು ಕಂಪನಿ ಅದನ್ನು ರದ್ದು ಮಾಡಿತು. ನಿಯಮದಲ್ಲಿ ಅದು ಇತ್ತು, ನಾನು ಓದಿರಲಿಲ್ಲ. ಲಿಂಕ್ ಹಂಚುವುದರ ತೊಂದರೆ ಎಂದರೆ ಇವೇ ಎಂದು ಆಗ ತಿಳಿದಿದ್ದೆ.

ನಿಜವಾದ ತೊಂದರೆ ಎದುರು ಮನೆಯ ಕಾಕುವಿನಿಂದ ಗೊತ್ತಾಯಿತು.

ಓಣಿಯ ಗ್ರೂಪಿಗೆ ನಾನು ಒಂದು 'ಇಳಕಲ್ ಸೀರೆ'ಯ ಲಿಂಕ್ ಕಳಿಸಿದ್ದೆ. ಬೆಲೆ 899 ರೂಪಾಯಿ. ಮೇಲೆ 'ನಾನು ನೋಡೇನಿ, ಚಲೋ ಐತಿ' ಎಂದು ಬರೆದಿದ್ದೆ. ನೋಡಿದ್ದು ಫೋಟೋ ಮಾತ್ರ. ಕಾಕು ಅದನ್ನು ಸೊಸೆಯ ಕುಬಸಕ್ಕೆಂದು ತರಿಸಿ, ಬಿಚ್ಚದೆ ಟ್ರಂಕಿನಲ್ಲಿಟ್ಟಿದ್ದರು. ಕುಬಸದ ದಿನ ಬಿಚ್ಚಿದಾಗ ಇಳಕಲ್‌ನಿಂದ ಬಂದಿದ್ದ ಅವರ ಅಣ್ಣ ಪಕ್ಕದಲ್ಲಿದ್ದರು. ಅವರು ನೇಕಾರರು. ಸೆರಗಿನ ಬುಡಕ್ಕೆ ಬೆರಳು ಆಡಿಸಿ ನೋಡಿ, "ಇದು ಮಗ್ಗದ ಮುಖಾನ ನೋಡಿಲ್ಲ" ಅಂದರು.

ಬೆರಳಿಗೆ ಹೇಗೆ ಗೊತ್ತಾಯಿತು ಎಂದು ಆಮೇಲೆ ಅವರನ್ನೇ ಕೇಳಿದೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಕುಣಿಕೆಯಾಗಿ ಒಂದಕ್ಕೊಂದು ಸಿಕ್ಕಿಸಿ ಜೋಡಿಸುತ್ತಾರೆ. ಇದಕ್ಕೆ ಟೋಪ್ ತೆನಿ ಎನ್ನುತ್ತಾರೆ. ಆ ಕೂಡಿಕೆ ಕೈಗೆ ಹತ್ತುತ್ತದೆ. ನಾನು ಮಾರಿಸಿದ್ದು ಪಾಲಿಸ್ಟರ್ ಬಟ್ಟೆ, ಅದರಲ್ಲಿ ಸೆರಗೂ ಅಂಚೂ ಬರೀ ಅಚ್ಚು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಕಂಡಕಂಡ ಬಟ್ಟೆಗೆ ಆ ಹೆಸರು ಹಚ್ಚುವಂತಿಲ್ಲ. ಇದೇ ಜಿಲ್ಲೆಯಲ್ಲಿ ಹುಟ್ಟಿದ ನನಗೆ ಇದು ಯಾವುದೂ ಗೊತ್ತಿರಲಿಲ್ಲ.

ವಾಪಸ್ ಮಾಡುವ ದಿನ ಮುಗಿದಿತ್ತು. ಕಾಕು ಬೈಯಲಿಲ್ಲ. "ಆ ಕಂಪನಿ ನನಗೇನ್ ಗೊತ್ತಪಾ? ನೀ ನೋಡೇನಿ ಅಂದಿ ಅಂತ ತಗೊಂಡೆ" ಅಂದರು. ಆ ಸೀರೆಯಿಂದ ನನಗೆ ಬರುವ ಕಮಿಷನ್ ಸುಮಾರು 36 ರೂಪಾಯಿ. ನನಗೆ ಹಣ ಬರುತ್ತದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ.

ಅಬ್ಬಾ ಕುರಿ ವ್ಯಾಪಾರ ಮಾಡುತ್ತಾರೆ, ಅಮೀನಗಡದ ಸಂತೆಗೆ ಹೋಗುತ್ತಾರೆ. ಕಮಿಷನ್ ತಗೊಂಡದ್ದೇ ತಪ್ಪೇನು ಎಂದು ಅವರನ್ನು ಕೇಳಿದೆ. ದಲ್ಲಾಳಿ ಕೆಲಸ ತಪ್ಪಲ್ಲ, ಸಂತೆಯಲ್ಲಿ ದಲ್ಲಾಳಿ ಯಾರು ಎಂದು ಕೊಳ್ಳುವವನಿಗೂ ಮಾರುವವನಿಗೂ ಗೊತ್ತಿರುತ್ತದೆ, ಅವನು ಕುರಿಯ ಬೆನ್ನು ಹಿಸುಕಿ ನೋಡಿಯೇ ಮಾತಾಡುತ್ತಾನೆ ಎಂದರು. "ನೀನು ಬೆನ್ನೂ ಮುಟ್ಟಲಿಲ್ಲ, ದಲ್ಲಾಳಿ ಅಂತಾನೂ ಹೇಳಲಿಲ್ಲ" ಎಂದರು. ನನಗೆ ಚಿಕ್ಕಂದಿನಲ್ಲಿ ಕೇಳಿದ ಹದೀಸ್ ನೆನಪಾಯಿತು. ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಒಳಗೆ ತೇವವಿತ್ತು. ಮಳೆಗೆ ನೆನೆದಿದೆ ಎಂದ ವ್ಯಾಪಾರಿಗೆ, ಜನರಿಗೆ ಕಾಣುವಂತೆ ನೆನೆದದ್ದನ್ನು ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದರು. ನಾನು ಮುಚ್ಚಿಟ್ಟದ್ದು 36 ರೂಪಾಯಿ ಮತ್ತು 'ನೋಡಿಲ್ಲ' ಎಂಬ ಒಂದು ಪದ.

ಕಾನೂನೂ ಇದನ್ನೇ ಹೇಳುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಸರ್ಕಾರದ ಪ್ರಾಧಿಕಾರವೊಂದು 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಯಾವುದಾದರೂ ವಸ್ತುವನ್ನು ಹೊಗಳಿ ಹೇಳುವವರು ಅದರ ಬಗ್ಗೆ ಸಾಕಷ್ಟು ತಿಳಿದು ಅಥವಾ ಬಳಸಿ ನೋಡಿ ಹೇಳಬೇಕು. ಅದರಿಂದ ಲಾಭವಿದ್ದರೆ ಬಹಿರಂಗಪಡಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ನನ್ನಂಥವರನ್ನು ಹುಡುಕಿಕೊಂಡು ಯಾರೂ ಬರಲಿಕ್ಕಿಲ್ಲ. ಆದರೆ ಕಾಕುವಿನ ಮನೆ ನಮ್ಮ ಬಾಗಿಲ ಎದುರೇ ಇದೆ.

ಹಳೆಯ ಸಂದೇಶಗಳನ್ನು ಎಲ್ಲರಿಗೂ ಅಳಿಸುವ ಅವಧಿ ಮೀರಿತ್ತು. ಅದಕ್ಕೆ ಗ್ರೂಪಿನಲ್ಲಿ ಹೊಸದಾಗಿ ಬರೆದೆ: 'ಈ ಲಿಂಕ್‌ಗಳಿಂದ ನನಗೆ ಹಣ ಬರುತ್ತದೆ. ಸಾಮಾನುಗಳನ್ನು ನಾನು ನೋಡಿಲ್ಲ. ಸೀರೆ ಇಳಕಲ್‌ದಲ್ಲ.' ಇಬ್ಬರು ನಗುವ ಚಿತ್ರ ಹಾಕಿದರು. ಈದಿಗೆ ಬಂದ ಹಣ ಸೇರಿಸಿ ಕಾಕುಗೆ 500 ರೂಪಾಯಿ ಕೊಟ್ಟೆ. ಬೇಡ ಬೇಡವೆಂದೇ ತೆಗೆದುಕೊಂಡರು. 399 ಇನ್ನೂ ಬಾಕಿ ಇದೆ.

ಲಿಂಕ್ ಹಂಚುವುದನ್ನು ನಾನು ಪೂರ್ತಿ ಬಿಟ್ಟಿಲ್ಲ. ನಾನೇ ಬಳಸಿದ ಕ್ಯಾಲ್ಕುಲೇಟರ್ ಮತ್ತು ಎರಡು ಪುಸ್ತಕಗಳ ಲಿಂಕ್ ಮಾತ್ರ ಇಟ್ಟಿದ್ದೇನೆ. ಮೊದಲ ಸಾಲಿನಲ್ಲೇ 'ಇದರಲ್ಲಿ ನನಗೆ ಕಮಿಷನ್ ಇದೆ' ಎಂದು ಬರೆಯುತ್ತೇನೆ. ಒತ್ತುವವರು ಕಡಿಮೆಯಾಗಿದ್ದಾರೆ. ನಮ್ಮ ಕಾಲೇಜಿನಲ್ಲೂ ಹಲವರು ಲಿಂಕ್ ಹಂಚುತ್ತಿದ್ದೀರಿ. ಆ ಒಂದು ಸಾಲು ಬರೆಯಲು ಖರ್ಚೇನೂ ಇಲ್ಲ.

ಹೋದ ವಾರ ಕಾಕು ಮೊಬೈಲ್ ಹಿಡಿದು ಬಂದರು. ಯಾರೋ ಮಿಕ್ಸರ್ ಲಿಂಕ್ ಕಳಿಸಿದ್ದರು. "ತಗೊಳ್ಳೇನು?" ಎಂದು ಕೇಳುತ್ತಾರೆ ಅಂದುಕೊಂಡೆ. ಅವರು ಕೇಳಿದ್ದು, "ಇದನ್ನ ಕಳಿಸಿದವ್ರಿಗೆ ಎಷ್ಟು ಸಿಗತೈತಿ?"