ತಾಳಗುಪ್ಪದವರೆಗೆ ರೈಲು, ಆಮೇಲೆ ಬಸ್ಸು

ನಾವು ಎಂದರೆ ನಾವಿಬ್ಬರು. ಶಿವಮೊಗ್ಗದ ಒಂದು ಗಲ್ಲಿಯಲ್ಲಿ ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಇಟ್ಟುಕೊಂಡಿರುವ ನಮ್ಮವರು, ಮತ್ತು ಆ ಅಂಗಡಿಯ ರಸೀದಿ ಪುಸ್ತಕದ ಹಿಂಬದಿಯಲ್ಲಿ ಕಥೆ ಬರೆಯುತ್ತ ಬಂದ ಅವರ ಹೆಂಡತಿ. ಇಬ್ಬರೂ ಏಳನೆಯ ಇಯತ್ತೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಶಾಲೆ. ಹಾಗಾಗಿ ನಮ್ಮ ಮನೆಯಲ್ಲಿ ಜಗಳ ದಖನಿಯಲ್ಲೂ ಲೆಕ್ಕ ಕನ್ನಡದಲ್ಲೂ ನಡೆಯುತ್ತದೆ.

ಯುರೋಪಿನ ರೈಲಿನಲ್ಲಿ ತಿರುಗಬೇಕೆಂಬ ಹುಚ್ಚು ನಮಗೆ ಹಿಡಿದದ್ದು ಒಂದು ಸಿನಿಮಾದಿಂದ. 1995ರ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' ನೋಡಿದ ಯಾರಿಗೆ ತಾನೇ ಆ ಹುಚ್ಚು ಹಿಡಿಯಲಿಲ್ಲ! ಮದುವೆಯಾದ ಹೊಸದರಲ್ಲಿ ಬೇಗಮ್‌ಗೆ ಕೊಟ್ಟ ಮಾತನ್ನು ನಮ್ಮವರು ಮರೆಯಲಿಲ್ಲ ಎನ್ನುವುದೇ ಒಂದು ಆಶ್ಚರ್ಯ. ಹತ್ತು ವರ್ಷ ಚೀಟಿ ಕಟ್ಟಿದರು. ಜರ್ಮನಿಯಲ್ಲಿ ಓದುತ್ತಿರುವ ತಂಗಿಯ ಮಗ ಪಟ್ಟಿಯನ್ನೂ ಮಾಡಿ ಕಳಿಸಿದ್ದ: ಪ್ಯಾರಿಸ್, ಜ್ಯೂರಿಕ್, ವೆನಿಸ್, ವಿಯೆನ್ನಾ. ಒಂದೇ ಪಾಸಿನಲ್ಲಿ ದೇಶದಿಂದ ದೇಶಕ್ಕೆ ಹೋಗಬಹುದಂತೆ; ಯುರೋಪಿನ ಹೊರಗಿನವರಿಗೆ 1959ರಿಂದಲೂ ಆ ಪಾಸು ಮಾರುತ್ತಿದ್ದಾರಂತೆ. ಸ್ವಿಟ್ಜರ್ಲೆಂಡಿನಲ್ಲಿ 3,454 ಮೀಟರ್ ಎತ್ತರದ ಹಿಮದ ನಡುವೆ ಒಂದು ರೈಲು ನಿಲ್ದಾಣವಿದೆ, ಅದು 1912ರಲ್ಲೇ ಆಗಿದ್ದು, ಖಾಲಾ, ಸ್ವೆಟರ್ ಎರಡೆರಡು ತನ್ನಿ ಎಂದು ಬರೆದಿದ್ದ. ಸ್ವೆಟರ್ ತಂದೆವು.

ಆಮೇಲೆ ಅಮ್ಮಿಯ ಮೂತ್ರಪಿಂಡ ಕೈಕೊಟ್ಟವು. ವಾರಕ್ಕೆ ಎರಡು ಸಲ ಡಯಾಲಿಸಿಸ್, ಒಂಬತ್ತು ತಿಂಗಳು. ಚೀಟಿಯ ದುಡ್ಡು ಎಲ್ಲಿ ಹೋಯಿತೆಂದು ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ಹೋದ ವರ್ಷ ಅಮ್ಮಿ ತೀರಿಕೊಂಡರು. ಕೊನೆಕೊನೆಗೆ ಅವರು ಮಾತಾಡಿದ್ದೆಲ್ಲ ನೀರಿನ ವಿಷಯ. ಡಾಕ್ಟರು ಕುಡಿಯುವ ನೀರನ್ನು ಲೋಟದಲ್ಲಿ ಅಳೆದು ಕೊಡಿ ಎಂದಿದ್ದರು, ಅದಕ್ಕೇ ಇರಬೇಕು ಎಂದು ಮೊದಲು ತಿಳಿದೆವು. ಅಲ್ಲ, ಅವರು ಹೇಳುತ್ತಿದ್ದದ್ದು ಶರಾವತಿಯ ನೀರು. "ಅಬ್ಬಾನ ಕಬರ್ ಮೇಲೆ ಎಷ್ಟು ನೀರಿದೆಯೋ! ಒಂದು ಸಲ ಹೋಗಿ ಫಾತಿಹಾ ಓದಿ ಬನ್ನಿ" ಎನ್ನುತ್ತಿದ್ದರು.

ಅಮ್ಮಿಯ ತವರು ತುಮರಿಯ ಕಡೆ. ಅವರ ಅಬ್ಬಾ ಅಲ್ಲಿ ಒಂದು ಜೀನಸಿನ ಅಂಗಡಿ ಇಟ್ಟಿದ್ದರು. ಉಪ್ಪು, ಒಣಮೀನು, ಬೆಲ್ಲ, ಸೀಮೆಎಣ್ಣೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತಲ್ಲ, ಅದಕ್ಕೆ ಎರಡು ವರ್ಷ ಮೊದಲು ಅವರು ತೀರಿಕೊಂಡಿದ್ದರು. ಊರು ಬಿಡುವಾಗ ಹೆಂಚು ಇಳಿಸಿಕೊಂಡರು, ತೊಲೆ ಬಿಚ್ಚಿಕೊಂಡರು, ಬಾಗಿಲು ಕಳಚಿ ಗಾಡಿಗೆ ಹೇರಿದರು. ಪಟ್ಟಿ ಮಾಡಿದವರು ಮನೆ ಬರೆದುಕೊಂಡರು, ಗದ್ದೆ ಬರೆದುಕೊಂಡರು, ಅಡಿಕೆ ಮರ ಎಣಿಸಿಕೊಂಡರು. ಕಬರು ಯಾವ ಪಟ್ಟಿಗೂ ಬರಲಿಲ್ಲ, ಅದನ್ನು ಕಿತ್ತು ಒಯ್ಯುವ ಹಾಗೂ ಇರಲಿಲ್ಲ. ಹಲಸಿನ ಮರದ ಕೆಳಗೆ ಹಾಗೇ ಬಿಟ್ಟು ಬಂದರು. ಆಗ ಅಮ್ಮಿಗೆ ಹತ್ತು ವರ್ಷ, ಖಾಲಾಗೆ ಆರು.

"ಅಜಿ, ಯುರೋಪ್ ಇರಲಿ. ತಾಳಗುಪ್ಪಕ್ಕಾದರೂ ರೈಲಿನಲ್ಲಿ ಹೋಗೋಣ ನಡೀ" ಎಂದು ನಮ್ಮವರು ಒಂದು ರಾತ್ರಿ ಊಟಕ್ಕೆ ಕೂತಾಗ ಹೇಳಿದರು. ಈ ಸಲ ಮಳೆ ನಿಂತ ಮೇಲೆ ನವೆಂಬರಿನಲ್ಲಿ ಹೊರಟೆವು. ಯುರೋಪಿಗೆಂದು ಕೊಂಡ ಗಾಲಿ ಸೂಟ್‌ಕೇಸನ್ನೇ ಎಳೆದುಕೊಂಡು.

ಈ ಹಳಿ ಮೈಸೂರು ಅರಸರ ಕಾಲದ್ದು. ಮೀಟರ್ ಗೇಜ್ ಇದ್ದಾಗ ಕೊನೆಕೊನೆಗೆ ಇದರ ಮೇಲೆ ಒಂದು ರೈಲುಬಸ್ಸು ಓಡುತ್ತಿತ್ತು: ಬಸ್ಸಿನ ಮೈ, ರೈಲಿನ ಕಾಲು. ದನ ಅಡ್ಡ ಬಂದರೆ ನಿಲ್ಲುತ್ತಿತ್ತು. 2011ರಲ್ಲಿ ಅಗಲ ಹಳಿ ತಾಳಗುಪ್ಪ ಮುಟ್ಟಿದ ಮೇಲೆ ಬೆಂಗಳೂರು, ಮೈಸೂರಿನ ದೊಡ್ಡ ರೈಲುಗಳೇ ಇಲ್ಲಿಗೆ ಬರುತ್ತವೆ. ಕುಂಸಿ ದಾಟಿದರೆ ಕಾಡು ಕಿಟಕಿಯೊಳಗೆ ಕೈ ಹಾಕುತ್ತದೆ. ಅರಸಾಳು ಬಂತು. ಹೊಸನಗರ ತಾಲೂಕಿಗೆ ರೈಲಿನ ಪರಿಚಯ ಇರುವುದು ಇಷ್ಟೇ. ಶಂಕರ್‌ನಾಗ್ 'ಮಾಲ್ಗುಡಿ ಡೇಸ್'ನ ಕೆಲವು ದೃಶ್ಯಗಳನ್ನು ತೆಗೆದದ್ದು ಇಲ್ಲೇ. 2020ರಲ್ಲಿ ಹಳೆಯ ನಿಲ್ದಾಣದ ಕಟ್ಟಡವನ್ನು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಇಲ್ಲದ ಊರೊಂದಕ್ಕೆ ಮ್ಯೂಸಿಯಂ ಆಗಿದೆ, ಇದ್ದು ಮುಳುಗಿದ ಊರುಗಳಿಗೆ ಒಂದು ಬೋರ್ಡೂ ಇಲ್ಲವಲ್ಲ ಎಂದು ನಮಗೆ ಕೊಂಚ ಅಸೂಯೆಯಾದದ್ದು ಸುಳ್ಳಲ್ಲ.

ತಾಳಗುಪ್ಪದಲ್ಲಿ ಹಳಿ ಮುಗಿಯುತ್ತದೆ. ಮುಗಿಯುವ ಹಳಿಯನ್ನು ನೋಡಲು ನಮ್ಮವರು ಪ್ಲಾಟ್‌ಫಾರಂನ ತುದಿಯವರೆಗೆ ನಡೆದರು. ಜೋಗದ ನಾಲ್ಕೂ ಕವಲನ್ನು ನೋಡಿದೆವು. ಜೋಗದ ಬಗ್ಗೆ ಬರೆಯದವರಿಲ್ಲ, ನಾವು ಬರೆಯುವುದಿಲ್ಲ. ಸಂಜೆ ಸಾಗರಕ್ಕೆ ಬಂದು ಖಾಲಾನ ಮನೆಯಲ್ಲಿ ಇಳಿದುಕೊಂಡೆವು.

ಮರುದಿನ ಇಕ್ಕೇರಿ. ಅಘೋರೇಶ್ವರ ದೇವಾಲಯದ ಗೋಡೆಯ ಮೇಲಿನ ಚೂಪುಕಮಾನುಗಳನ್ನು ನೋಡಿದರೆ ಕೆಳದಿಯ ಅರಸರ ಶಿಲ್ಪಿಗಳು ಬಿಜಾಪುರದ ಕಡೆಯ ಕಟ್ಟಡಗಳನ್ನು ಬಲ್ಲವರೇ ಇರಬೇಕು ಅನ್ನಿಸುತ್ತದೆ. ಆದರೆ ನಮಗೆ ಇಕ್ಕೇರಿಯಲ್ಲಿ ನೆನಪಾಗುತ್ತಿದ್ದದ್ದು ಬೇರೊಬ್ಬ. ನಾವು ಯುರೋಪು ನೋಡಲು ಹೋಗಲಾಗದಿದ್ದರೇನು, ಯುರೋಪಿನವನೊಬ್ಬ ನಾಲ್ಕು ನೂರು ವರ್ಷಗಳ ಹಿಂದೆಯೇ ಇಕ್ಕೇರಿ ನೋಡಲು ಬಂದಿದ್ದ. ರೋಮಿನ ಪಿಯೆಟ್ರೋ ಡೆಲ್ಲಾ ವಾಲೆ. 1623ರಲ್ಲಿ ಗೋವೆಯ ಪೋರ್ಚುಗೀಸರ ರಾಯಭಾರಿಯ ಜೊತೆ ಹೊನ್ನಾವರ, ಗೇರುಸೊಪ್ಪೆಯ ಮೇಲೆ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಬಂದ. ಅವನೂ ಬಂದದ್ದು ನವೆಂಬರಿನಲ್ಲೇ. ನೋಡಿದ್ದನ್ನೆಲ್ಲ ನೇಪಲ್ಸಿನ ಗೆಳೆಯನಿಗೆ ಕಾಗದ ಬರೆಯುತ್ತಿದ್ದ. ದಾರಿಯಲ್ಲಿ ಗುಡಿಯ ಜಗಲಿಯ ಮೇಲೆ ಮಕ್ಕಳು ನೆಲಕ್ಕೆ ಮರಳು ಹರವಿಕೊಂಡು, ಬೆರಳಲ್ಲಿ ಅಂಕಿ ಬರೆಯುತ್ತ, ರಾಗವಾಗಿ ಲೆಕ್ಕ ಹೇಳಿಕೊಂಡು ಕಲಿಯುವುದನ್ನು ನಿಂತು ನೋಡಿದ್ದಾನೆ. ಇಕ್ಕೇರಿಯಲ್ಲಿ ಡೋಲು ಬಾರಿಸುತ್ತಿದ್ದವನೊಬ್ಬನ ವಿಧವೆ ಸಹಗಮನಕ್ಕೆ ಸಿದ್ಧಳಾಗಿ ಬೀದಿಯಲ್ಲಿ ಹೋಗುವುದನ್ನು ಕಂಡು, ಅವಳ ಮನೆಗೇ ಹೋಗಿ ಮಾತಾಡಿಸಿ, ಬೇಡವೆಂದು ಹೇಳಿ ನೋಡಿದ್ದಾನೆ. ಅವಳು ಒಪ್ಪಲಿಲ್ಲ. ಅವಳ ಹೆಸರನ್ನು ಮಾತ್ರ ತಪ್ಪದೆ ಬರೆದಿಟ್ಟ. ಅವನ ಬರಹದಲ್ಲಿ ಅದು ಜಕ್ಕಮ್ಮ ಎನ್ನುವಂತೆ ಕೇಳುತ್ತದೆ.

ಅವನೂ ಹೆಂಡತಿಯ ಜೊತೆಯೇ ದೇಶ ತಿರುಗಲು ಹೊರಟವನು. ಬಾಗ್ದಾದಿನಲ್ಲಿ ಮದುವೆಯಾದ ಹುಡುಗಿ, ಹೆಸರು ಮಆನಿ. ಉರ್ದು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಮಆನಿ ಎಂದರೆ ಅರ್ಥ. ಆಕೆ 1621ರ ಕೊನೆಯಲ್ಲಿ ಪರ್ಷಿಯಾದ ದಕ್ಷಿಣದ ತೀರದ ಬಳಿ ಬಸಿರಿನಲ್ಲೇ ಜ್ವರ ಬಂದು ತೀರಿಕೊಂಡಳು. ಗಂಡ ಅವಳನ್ನು ಅಲ್ಲಿ ಮಣ್ಣು ಮಾಡಲಿಲ್ಲ. ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಹಡಗಿನವರಿಗೆ ತಿಳಿಯದಂತೆ ಸಾಮಾನಿನ ನಡುವೆ ಅಡಗಿಸಿ ಹಿಂದೂಸ್ತಾನಕ್ಕೆ ತಂದ. ಇಕ್ಕೇರಿಯಲ್ಲಿ ಅವನು ಈ ಗುಡಿಯ ಮುಂದೆ ನಿಂತಾಗ ಮಆನಿ ಇನ್ನೂ ಮಣ್ಣು ಸೇರಿರಲಿಲ್ಲ. ರೋಮಿನಲ್ಲಿ ಅವನ ಮನೆತನದ ಗೋರಿಯಲ್ಲಿ ಅವಳಿಗೆ ಜಾಗ ಸಿಕ್ಕಿದ್ದು ಆಮೇಲೆ.

ಈ ಕಥೆಯನ್ನು ನಂದಿಮಂಟಪದ ಮೆಟ್ಟಿಲ ಮೇಲೆ ಕೂತು ನಮ್ಮವರಿಗೆ ಹೇಳಿದಾಗ ಅವರು ಮೊದಲು "ತೋಬಾ ತೋಬಾ" ಎಂದರು. ನಮ್ಮಲ್ಲಿ ಜನಾಜವನ್ನು ಒಂದು ರಾತ್ರಿ ಮನೆಯಲ್ಲಿ ಇಟ್ಟುಕೊಂಡರೇ ಹಿರಿಯರು ಗದರುತ್ತಾರೆ. ಎಲ್ಲಿ ಸತ್ತರೋ ಅಲ್ಲಿಯ ಮಣ್ಣೇ ಅವರ ಮಣ್ಣು ಎನ್ನುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ, "ಹೊತ್ತುಕೊಂಡಾದರೂ ಹೋದನಲ್ಲ. ಅಮ್ಮಿಯ ಅಬ್ಬಾನ್ನ ಹೊರುವವರೂ ಇರಲಿಲ್ಲ" ಎಂದು ಅವರೇ ಅಂದರು.

ಅಂಬಾರಗೋಡ್ಲುವಿಗೆ ಖಾಲಾನೂ ಬರುತ್ತೇನೆಂದು ಹೊರಟು, ಮಂಡಿನೋವಿನಿಂದ ಬಾಗಿಲಿನಲ್ಲೇ ನಿಂತರು. ಮೊದಲೆಲ್ಲ ಇಲ್ಲಿ ಲಾಂಚಿಗಾಗಿ ಗಂಟೆಗಟ್ಟಲೆ ಕಾಯಬೇಕಿತ್ತು. ಬಸ್ಸು, ಜೀಪು, ಮದುವೆಯ ದಿಬ್ಬಣ, ಆಸ್ಪತ್ರೆಗೆ ಹೋಗುವ ಬಸುರಿ ಎಲ್ಲ ಒಂದೇ ಲಾಂಚಿನಲ್ಲಿ. ಕತ್ತಲಾದ ಮೇಲೆ ಅದೂ ಇಲ್ಲ. ನಾಡಿಗೆ ದೀಪ ಕೊಟ್ಟವರು ಒಂದು ದಾರಿಗಾಗಿ ಅರವತ್ತು ವರ್ಷ ಕಾದರು. 2025ರ ಜುಲೈಯಲ್ಲಿ ಕಳಸವಳ್ಳಿಗೆ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ಮೇಲೆ ಹಗ್ಗದಂತೆ ಬಿಗಿದ ಕಂಬಿಗಳು. ಈಗ ಜನ ಅದನ್ನು ನೋಡಲೆಂದೇ ಬರುತ್ತಾರೆ. ನಾವು ಹೋದಾಗಲೂ ಹುಡುಗರು ಮೊಬೈಲು ಎತ್ತಿ ಹಿಡಿದು ನಿಂತಿದ್ದರು.

ದಡದಲ್ಲಿ ಚಹಾ ಮಾರುತ್ತಿದ್ದ ವೃದ್ಧರೊಬ್ಬರಿಗೆ ಅಮ್ಮಿಯ ಊರಿನ ಹೆಸರು ಹೇಳಿದೆವು. ಆ ಹೆಸರು ಈಗ ಯಾವ ಬಸ್ಸಿನ ಬೋರ್ಡಿನ ಮೇಲೂ ಇಲ್ಲ. ಅವರಿಗೆ ಗೊತ್ತಿತ್ತು. "ನಮ್ಮ ಅಪ್ಪಯ್ಯ ಹೇಳ್ತಿದ್ದ. ಅಲ್ಲೊಂದು ಸಾಬರ ಅಂಗಡಿ ಇತ್ತಂತೆ, ಉದ್ರಿ ಕೊಡ್ತಿದ್ರಂತೆ" ಎಂದರು. ಎಲ್ಲಿ ಎಂದು ಕೇಳಿದ್ದಕ್ಕೆ ಕೈಯನ್ನು ನೀರಿನ ಮೇಲೆ ಅತ್ತಿಂದಿತ್ತ ಆಡಿಸಿ, "ಅಲ್ಲೆಲ್ಲೋ" ಎಂದರು. ಬೆರಳು ಮಾಡಿ ತೋರಿಸಲು ಒಂದು ಮರವಾದರೂ ಬೇಕಲ್ಲ. ಚಹಾದ ದುಡ್ಡು ತೆಗೆದುಕೊಳ್ಳಲಿಲ್ಲ. "ನಮ್ಮ ಅಪ್ಪಯ್ಯನ ಉದ್ರಿ ಎಷ್ಟು ಬಾಕಿ ಇತ್ತೋ ಏನೋ ಅಮ್ಮಾ" ಎಂದು ನಕ್ಕರು. ನಮಗೆ ನಗಲಾಗಲಿಲ್ಲ.

ಅವರು ತೋರಿಸಿದ ಕಡೆ ಮುಖ ಮಾಡಿ ನಿಂತು ಫಾತಿಹಾ ಓದಿದೆವು. ದುವಾ ಮಾಡುವಾಗ ಒಂದು ಸಂಗತಿ ಹೊಳೆದು ಕೈ ನಡುಗಿತು. ಯಾರ ಹೆಸರಿಗೆ? ಅಮ್ಮಿ ಅಬ್ಬಾ ಎಂದೇ ಹೇಳುತ್ತಿದ್ದರು. ಖಾಲಾನೂ ಹಾಗೇ. ನಮಗೆ ಅವರು ನಾನಾ. ಊರಿಗೆ ಅವರು ಅಂಗಡಿ ಸಾಬರು. ಇಕ್ಕೇರಿಯ ಡೋಲಿನವನ ಹೆಂಡತಿಯ ಹೆಸರು ಗೊತ್ತಿದೆ, ಬಾಗ್ದಾದಿನ ಹುಡುಗಿಯ ಹೆಸರು ಗೊತ್ತಿದೆ, ಸ್ವಂತ ನಾನಾನ ಹೆಸರು ಗೊತ್ತಿಲ್ಲ. ಇದನ್ನು ನಮ್ಮವರಿಗೆ ಹೇಳಲೂ ನಾಚಿಕೆಯಾಯಿತು. ಹೇಳದೆ ಬಸ್ಸು ಹತ್ತಿದೆವು.

ಹೊಸನಗರದಲ್ಲಿ ರೈಲಿಲ್ಲ, ಬಸ್ಸೇ ಗತಿ. ಹಳೆಯ ನಗರದಿಂದ ಕಚೇರಿಗಳು ಎದ್ದು ಕಲ್ಲೂರುಕಟ್ಟೆಗೆ ಬಂದು ಅದು ಹೊಸನಗರವಾಯಿತು. ಹಳೆಯ ನಗರ ಎಂದರೆ ಬಿದನೂರು. ಕೋಟೆಯ ಬಾಗಿಲಲ್ಲಿ ಕಾಲೇಜು ಹುಡುಗರ ಗುಂಪಿಗೆ ಒಬ್ಬ ಯುವಕ 1763ರ ಕಥೆ ಹೇಳುತ್ತಿದ್ದ. ಹೈದರ್ ಹೇಗೆ ಬಂದ, ರಾಣಿ ವೀರಮ್ಮಾಜಿಯನ್ನು ಹೇಗೆ ಸೆರೆ ಹಿಡಿದ, ಎಷ್ಟು ಲೂಟಿ ಮಾಡಿದ. ನಮ್ಮ ಬುರ್ಖಾ, ನಮ್ಮವರ ಗಡ್ಡ ಕಂಡು ಅವನ ದನಿ ತಗ್ಗಿತು. ಸೌಜನ್ಯವೋ, ಸಂಕೋಚವೋ ಹೇಳಲಾರೆವು. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೈದರ್ ಲೂಟಿ ಮಾಡಿದ್ದು ನಿಜ. ಊರನ್ನು ಮೆಚ್ಚಿ, ಹೈದರ್‌ನಗರವೆಂದು ಕರೆದು, ಟಂಕಸಾಲೆ ಇಟ್ಟು, ತನ್ನ ರಾಜಧಾನಿಯನ್ನಾಗಿ ಮಾಡಲು ಹೊರಟದ್ದೂ ನಿಜ. ಅರಸರು ಹಾಗೆಯೇ. ಆ ಕಾಲದಲ್ಲಿ ನಮ್ಮ ಹಿರಿಯರು ಎಲ್ಲೋ ಉಪ್ಪು ಅಳೆಯುತ್ತಿದ್ದರು. ಇದನ್ನು ಆ ಹುಡುಗನಿಗೆ ಹೇಳಬಹುದಿತ್ತು, ಅವನು ಕೇಳುತ್ತಲೂ ಇದ್ದನೇನೋ. ಹೇಳಲಿಲ್ಲ. ಕೋಟೆಯ ಮೇಲಿಂದ ಕೆರೆ ನೋಡಿ ಇಳಿದೆವು.

ಅಲ್ಲಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನಲ್ಲಿ ನಮ್ಮವರ ಸೊಂಟ ಹಿಡಿದುಕೊಂಡಿತು. ತಾಳಗುಪ್ಪಕ್ಕೆ ಬರುವ ಮೈಸೂರಿನ ರೈಲೊಂದಕ್ಕೆ ಕುವೆಂಪು ಹೆಸರಿಟ್ಟಿದ್ದಾರೆ, ಕುವೆಂಪು ಅವರ ತೀರ್ಥಹಳ್ಳಿಗೆ ರೈಲೇ ಇಲ್ಲ ನೋಡಿ ಎಂದು ದಾರಿಯುದ್ದಕ್ಕೂ ಗೊಣಗಿದರು. ಕುಪ್ಪಳಿಯ ಕವಿಮನೆಯ ಮರದ ಕಂಬಗಳ ನಡುವೆ ಹೋದ ಮೇಲೆ ಸುಮ್ಮನಾದರು. ಮೂರು ಅಂತಸ್ತಿನ ಚೌಕಿ ಮನೆ. ಅಡುಗೆಮನೆಯ ಪಾತ್ರೆ, ಬಾಣಂತಿ ಕೋಣೆ, ಮದುವೆಯ ಮಂಟಪ ಎಲ್ಲವನ್ನೂ ಜೋಡಿಸಿಟ್ಟಿದ್ದಾರೆ. ಮೇಲೆ ಕವಿಶೈಲದಲ್ಲಿ, 1994ರಲ್ಲಿ ಅವರ ಅಂತ್ಯಸಂಸ್ಕಾರವಾದ ಜಾಗದಲ್ಲಿ, ಸಂಜೆಯವರೆಗೆ ಕೂತೆವು. ಬೆಳೆದ ಮನೆಯ ಮೇಲಿನ ಬಂಡೆಯಲ್ಲೇ ಒಬ್ಬ ಮನುಷ್ಯನಿಗೆ ಕೊನೆಯ ಜಾಗ ಸಿಗುವುದು ಎಷ್ಟು ದೊಡ್ಡ ಭಾಗ್ಯ ಎಂದು ನಾವು ಆಡಿಕೊಂಡೆವು. ನಾನಾನ ಹೆಸರು ಗೊತ್ತಿಲ್ಲದ ಸಂಗತಿಯನ್ನು ನಮ್ಮವರಿಗೆ ಹೇಳಿದ್ದು ಅಲ್ಲೇ. ಅವರು ಬೈಯಲಿಲ್ಲ. "ನನಗೂ ನನ್ನ ದಾದಿಯ ಹೆಸರು ಗೊತ್ತಿಲ್ಲ" ಎಂದರು.

ಶಿವಮೊಗ್ಗಕ್ಕೆ ಮರಳುವಾಗ ಹಣಗೆರೆಕಟ್ಟೆಯಲ್ಲಿ ಇಳಿದೆವು. ಕಾಡಿನ ನಡುವೆ ಒಂದೇ ಸೂರಿನ ಕೆಳಗೆ ಸಯ್ಯದ್ ಸಾದತ್ ಅವರ ದರ್ಗಾ, ಭೂತರಾಯ ಚೌಡೇಶ್ವರಿಯ ಗುಡಿ. ಒಂದು ಕಡೆ ಊದುಬತ್ತಿ, ಮಲ್ಲಿಗೆ; ಇನ್ನೊಂದು ಕಡೆ ಕುಂಕುಮ, ತೆಂಗಿನಕಾಯಿ; ಹೊಗೆ ಮಾತ್ರ ಎರಡೂ ಕಡೆಯದು ಬೆರೆತು ಮೇಲೆ ಹೋಗುತ್ತಿತ್ತು. ಇಂಥ ಜಾಗಗಳನ್ನು ಒಪ್ಪದವರು ಎರಡೂ ಕಡೆ ಇದ್ದಾರೆ. ಅಮ್ಮಿ ಒಪ್ಪಿದ್ದರು, ಅಷ್ಟು ಸಾಕು ನಮಗೆ. ಸಕ್ಕರೆ, ಊದುಬತ್ತಿ ಕೊಂಡು ಸಾಲಿನಲ್ಲಿ ನಿಂತೆವು.

"ಯಾರ ಹೆಸರಿನಲ್ಲಿ?" ಎಂದರು ಮುಜಾವರರು.

ಅಮ್ಮಿಯ ಹೆಸರು ಹೇಳಿದೆವು. "ಇನ್ನೊಬ್ಬರು ಇದ್ದಾರೆ, ಒಂದು ನಿಮಿಷ" ಎಂದು ಹೊರಗೆ ಬಂದು ಸಾಗರಕ್ಕೆ ಫೋನು ಮಾಡಿದೆವು. ಕಾಡಿನಲ್ಲಿ ಸಿಗ್ನಲು ಬಂದು ಬಂದು ಹೋಗುತ್ತಿತ್ತು. ನಮ್ಮವರು ಮೊಬೈಲನ್ನು ಎತ್ತಿ ಹಿಡಿದು, ಬಸ್ಸು ನಿಲ್ಲುವ ಕಡೆಗೆ ನಾಲ್ಕು ಹೆಜ್ಜೆ ನಡೆದರು.

"ಖಾಲಾ, ಅಬ್ಬಾನ ಹೆಸರು ಏನು?"

"ಯಾರ ಅಬ್ಬಾ?"

"ನಿಮ್ಮ ಅಬ್ಬಾ!"

ಆ ಕಡೆಯಿಂದ ಖಾಲಾ ಏನೋ ಹೇಳಿದರು, ಕೇಳಿಸಲಿಲ್ಲ. ಮತ್ತೆ ಹೇಳಿದರು. ಮೂರನೆಯ ಸಲ ಅವರು ಅಳುತ್ತ ಹೇಳಿದ್ದರಿಂದ ತುಸು ನಿಧಾನವಾಗಿ, ಒಂದೊಂದೇ ಅಕ್ಷರವಾಗಿ ಕೇಳಿಸಿತು. ನಮ್ಮವರು ಜೇಬಿನಿಂದ ರೈಲಿನ ಟಿಕೆಟು ತೆಗೆದು ಅದರ ಹಿಂಬದಿಯಲ್ಲಿ ಉರ್ದುವಿನಲ್ಲಿ ಬರೆದುಕೊಂಡರು.